ಸಾಲಿನ ಕೊನೆಯ ಮನೆ

ಉಕ್ಕಿನ ಕಾರ್ಖಾನೆಯ ಲೆಕ್ಕದ ಕೋಣೆ ಮುಚ್ಚಿದಾಗ
ಗುಜರಿಗೆ ಬಿದ್ದ ನೆಟ್‌ವರ್ಕ್ ಕಾರ್ಡುಗಳನ್ನು ಅಪ್ಪ
ಕಿಲೋ ಲೆಕ್ಕದಲ್ಲಿ ತಂದ, ಆಲೂಗಡ್ಡೆಯ ಚೀಲದಲ್ಲಿ.
ಒಂದೊಂದರ ಬೆನ್ನಿಗೂ ಕಾರ್ಖಾನೆಯ ನಂಬರಿನ ಚೀಟಿ.
ನಾನೂ ಲಿವ್ಯುವೂ ಅಡಿಗೆಮನೆಯ ಮೇಜಿನ ಮೇಲೆ ಹರವಿ
ಮೀನು ಆರಿಸುವವರ ಹಾಗೆ ಆರಿಸಿದೆವು.
ಹನ್ನೊಂದರಲ್ಲಿ ಎಂಟಕ್ಕೆ ಜೀವವಿತ್ತು.

ಗಲಾತ್ಸಿ ಪಟ್ಟಣ, ಎರಡು ಸಾವಿರದ ಇಸವಿ.
ಡಾನ್ಯೂಬ್ ಮೇಲಿಂದ ಬರುವ ಗಾಳಿ
ಎಂಟನೇ ಮಹಡಿಯ ಕಿಟಕಿಯಲ್ಲಿ ಹಲ್ಲು ಕಡಿಯುವ ಚಳಿ.

ನನ್ನ ಯಂತ್ರಕ್ಕೆ ಎರಡು ಕಾರ್ಡು.
ಒಂದರ ಮುಖ ಊರಿಗೆ, ಒಂದರ ಮುಖ ನೆರೆಮನೆಗಳಿಗೆ.
ಮೊದಮೊದಲು ಎರಡಕ್ಕೂ ಒಂದೇ ನಂಬರು ಬೇಕೆಂದು ಹಟ.
ಜಂಪರ್ ಕಿತ್ತು, ನಿನಗೆ ಐದು, ನಿನಗೆ ಹತ್ತು ಎಂದು
ಪಾಲು ಮಾಡಿಕೊಟ್ಟ ಮೇಲೆ ತೆಪ್ಪಗಾದವು.

ಕಿಟಕಿಯಿಂದ ಕರಿ ಕೇಬಲ್ಲು ಇಳಿಯಿತು.
ಆರನೇ ಮಹಡಿಯಲ್ಲಿ ಪಾದ್ರಿಯಾಗಲು ಓದುತ್ತಿದ್ದ ವಿಯೊರೆಲ್,
ನಾಲ್ಕರಲ್ಲಿ ಪಾರಸ್ಕೀವಾ, ಅದು ಏನೆಂದು ಕೇಳಿ ತಿಳಿದುಕೊಂಡು
ಮಾರನೆಯ ದಿನವೇ ಅದರ ಮೇಲೆ ಕಾಲುಚೀಲ ಒಣಹಾಕಿದವಳು.
ಹೀಗೆ ಏಳು ಮನೆ ಮುಟ್ಟಿ, ನೆಲದ ಅಂತಸ್ತಿನಲ್ಲಿ
ಲಿವ್ಯುವಿನ ಗೋಡೆಗೆ ಬಂದು ನಿಂತಿತು.

ತುದಿಗೊಂದು ಲೋಹದ ಟೋಪಿ, ಟರ್ಮಿನೇಟರು.
ಹೆಬ್ಬೆರಳಿನ ಉಗುರಿನಷ್ಟೇ, ಒಳಗೆ ಐವತ್ತು ಓಮ್.
ಅದಿಲ್ಲದಿದ್ದರೆ ಮಾತು ತುದಿ ಮುಟ್ಟಿ ತಿರುಗುತ್ತದೆ,
ಎದುರಿಂದ ಬರುವ ಮಾತಿಗೆ ಹಾಯುತ್ತದೆ,
ಆಮೇಲೆ ಯಾರದೂ ಯಾರಿಗೂ ಕೇಳದು.
ಬಂದದ್ದನ್ನು ನುಂಗಿಕೊಳ್ಳುವವನೊಬ್ಬ
ಸಾಲಿನ ಕೊನೆಗೆ ಬೇಕು.

ಹಡಗುಕಟ್ಟೆ ಅವನಪ್ಪನನ್ನು ಮನೆಗೆ ಕಳಿಸಿತು.
ಕ್ರಿಸ್‌ಮಸ್ಸಿಗೆ ಮೊದಲೇ ಅವರ ಕಂಪ್ಯೂಟರ್ ಮಾರಿಹೋಯಿತು.
ಕಾರ್ಡನ್ನು ಮಾತ್ರ ಬಿಚ್ಚಿಟ್ಟುಕೊಂಡ.
ತಂತಿಯೂ ಟೋಪಿಯೂ ಇದ್ದಲ್ಲೇ ಇದ್ದವು.
ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಫೆಬ್ರವರಿಯ ಒಂದು ರಾತ್ರಿ
ಆರೂ ಮನೆಯ ಪರದೆಗಳು ಒಟ್ಟಿಗೆ ಮಂಕಾದವು.
ಪೈಜಾಮದಲ್ಲೇ ಓಡಿಬಂದ ವಿಯೊರೆಲ್:
"ಇನ್ಯಾರು? ಆ ಕೆಳಗಿನವನೇ.
ತನಗಿಲ್ಲದ್ದು ಬೇರೆಯವರಿಗೇಕೆ ಅಂತ ಕಿತ್ತಿರಬೇಕು."
ನನ್ನ ಪರದೆ ಮಾತ್ರ ನೆಟ್ಟಗೆ ಉರಿಯುತ್ತಿತ್ತು.
ಸಂಶಯ ಮೊದಲು ನನ್ನ ಮೇಲೇ ಬರಬೇಕಿತ್ತು.
ಸುಮ್ಮನೆ ಅವರ ಹಿಂದೆ ಮೆಟ್ಟಿಲಿಳಿದೆ.

ಲಿವ್ಯು ಬಾಗಿಲು ತೆರೆದ. ಹಿಂದೆ ಗೋಡೆಯಲ್ಲಿ
ಕನ್ಯಾಮರಿಯಳ ಪಟ ತೂಗಿದ ಮೊಳೆಗೇ
ತಂತಿಯ ತುದಿಯನ್ನು ಎತ್ತಿ ಕಟ್ಟಿತ್ತು,
ತೆವಳುವ ತಂಗಿಯ ಕೈಗೆ ಎಟುಕದಷ್ಟು ಎತ್ತರಕ್ಕೆ.
ಟೋಪಿ ಟೋಪಿಯ ಜಾಗದಲ್ಲೇ ಇತ್ತು.
ವಿಯೊರೆಲ್ ಆದರೂ ಹೇಳಬೇಕೆಂದದ್ದನ್ನು ಹೇಳಿ ಮುಗಿಸಿದ.
ಲಿವ್ಯು ಎಲ್ಲವನ್ನೂ ಕೇಳಿದ.
ತಿರುಗಿ ಏನೂ ಬರಲಿಲ್ಲ.

ಶಾಲೆಯ ಚೀಲ ತಡಕಿ ರಬ್ಬರು ತೆಗೆದ.
ಲಿಫ್ಟು ಕೆಟ್ಟಿತ್ತು, ಎಂಟು ಮಹಡಿ ಹತ್ತಿದ.
ನನ್ನ ಯಂತ್ರದ ಹೊಟ್ಟೆ ಬಿಚ್ಚಿ
ನೆರೆಯವರ ಕಡೆಯ ಕಾರ್ಡನ್ನು ಹೊರಗೆಳೆದು
ಕಪ್ಪು ಹಿಡಿದ ಅದರ ಚಿನ್ನದ ಹಲ್ಲುಗಳನ್ನು ಉಜ್ಜಿದ,
ತಪ್ಪು ಬರೆದ ಲೆಕ್ಕವನ್ನು ಅಳಿಸುವಷ್ಟು ನಿಧಾನವಾಗಿ.
ಊದಿದ. ಒತ್ತಿ ಕೂರಿಸಿದ.
ಹಸಿರು ದೀಪ ಎರಡು ಸಲ ಮಿಟುಕಿ ನಿಂತಿತು.
ಕೆಳಗಿನ ಮಹಡಿಗಳಲ್ಲಿ ಯಾರೋ ಕೂಗಿದರು, ಬಂತು, ಬಂತು!

"ಸ್ವಲ್ಪ ಹೊತ್ತು ಕೂತುಕೊಳ್ಳೋ, ಏನಾದರೂ ನೋಡು" ಎಂದೆ.
"ನಾಳೆ ಪರೀಕ್ಷೆ" ಎಂದ.
ಮೇಜಿನ ಮೇಲೆ ರಬ್ಬರಿನ ಕರಿ ಚೂರು ಉಳಿದವು.

ತಿಂಗಳ ಕೊನೆಗೆ ಹಣ ಎತ್ತಲು ಹೊರಟಾಗ
ಅವನ ಬಾಗಿಲನ್ನು ದಾಟಿ ಹೋಗಬೇಕೆಂದಿದ್ದೆ.
ಅವನೇ ಮೆಟ್ಟಿಲಲ್ಲಿ ಕಾಯುತ್ತಿದ್ದ,
ಏಳನೆಯ ಪಾಲು, ಪೂರ್ತಿ ಚಿಲ್ಲರೆಯಲ್ಲಿ.
ನಿನ್ನದು ಬೇಡವೋ ಎಂದೆ.
"ತಂತಿ ನಮ್ಮನೇಲೂ ಇದೆಯಲ್ಲ, ದೋಯ್ನಾ" ಎಂದ.

ಬಿಲ್ಲು ಕಟ್ಟಲು ಮಾರನೆಯ ದಿನವೇ ಗಡುವು.
ಕೈ ಚಾಚಿದೆ, ಇಸಿದುಕೊಂಡೆ.
ಅವನೆದುರೇ ಎಣಿಸಿದೆ ಕೂಡ.
ಸರಿಯಾಗಿತ್ತು.